ಎಂಬಿಎ ಮುಗಿಸಿದ ಮೇಲೆ ಕೆಲಸ ಸಿಗುವವರೆಗೆ

ಎಂಬಿಎ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ, ಈ ವರ್ಷ ಎಂಬಿಎ ಸೀಟಿಗಾಗಿ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಲು ಹೊರಟಿರುವವರಿಗೆ, ಅವರ ಮನೆಯವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ತಿಪಟೂರಿನವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಊರಿನಲ್ಲೇ ಬಿ.ಕಾಂ. 2023ರಲ್ಲಿ ಪಿಜಿಸಿಇಟಿ ಬರೆದೆ. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಣಕಾಸು ವಿಭಾಗ ಆರಿಸಿಕೊಂಡು 2025ರಲ್ಲಿ ಕೋರ್ಸ್ ಮುಗಿಸಿದೆ. ಕೆಲಸ ಸಿಕ್ಕಿದ್ದು ಈಚೆಗೆ. ನಡುವಿನ ಅವಧಿಯಲ್ಲಿ ಏನೇನು ನಡೆಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಮನೆಯಲ್ಲಿ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಮೊದಲು ಸಾಲದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದೆಲ್ಲಕ್ಕೂ ಗಡುವು ಹಾಕಿದ್ದು ಅದೇ. ಅಪ್ಪ ಎಪಿಎಂಸಿಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ಅವರೇ ಸಹ ಸಾಲಗಾರರಾಗಿ ಸಹಿ ಹಾಕಿ ನಾಲ್ಕು ಲಕ್ಷದ ಶಿಕ್ಷಣ ಸಾಲ ಕೊಡಿಸಿದ್ದರು. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ನಾಲ್ಕು ಲಕ್ಷದವರೆಗೆ ನಾವು ಕೈಯಿಂದ ಪಾಲು ಹಾಕಬೇಕಿಲ್ಲ, ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಕಂತು ಶುರುವಾಗುವುದು ಕೋರ್ಸ್ ಮುಗಿದ ಒಂದು ವರ್ಷದ ನಂತರ. ಆದರೆ ಬಡ್ಡಿ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ, ಸಾಲದ ಹಣ ಮೊದಲ ಬಾರಿ ಕಾಲೇಜಿಗೆ ಹೋದ ದಿನದಿಂದಲೇ ಏರುತ್ತಿರುತ್ತದೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಈ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಯೋಜನೆ ಇದೆ. ಸಾಲ ಮಂಜೂರಾಗುವಾಗಲೇ ನಾಡಕಚೇರಿಯ ಆದಾಯ ಪ್ರಮಾಣ ಪತ್ರವನ್ನು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನೀವು ಕೇಳದೆ ಯಾರೂ ಇದನ್ನು ನೆನಪಿಸುವುದಿಲ್ಲ.

ಎರಡನೆಯ ವರ್ಷದ ಮಧ್ಯದಲ್ಲಿ ಕಂಪನಿಗಳು ಕಾಲೇಜಿಗೆ ಬರತೊಡಗಿದವು. ನಾವು ಓದುತ್ತಿದ್ದುದು ಬಂಡವಾಳ ಹೂಡಿಕೆಯ ವಿಶ್ಲೇಷಣೆ, ಷೇರು ಮೌಲ್ಯಮಾಪನ, ಅಂತರರಾಷ್ಟ್ರೀಯ ಹಣಕಾಸು. ಬಂದ ಕಂಪನಿಗಳಲ್ಲಿ ಬಹುಪಾಲು ಕೇಳಿದ್ದು ವಿಮೆ ಮಾರುವವರನ್ನು, ಚಾಲ್ತಿ ಖಾತೆ ತೆರೆಸುವವರನ್ನು, ನಿವೇಶನ ಕೊಳ್ಳುತ್ತೀರಾ ಎಂದು ದಿನವಿಡೀ ಫೋನ್ ಮಾಡುವವರನ್ನು. ಮಾರಾಟದ ಕೆಲಸ ಕೀಳಲ್ಲ, ಅದನ್ನು ಪ್ರೀತಿಯಿಂದ ಮಾಡುವ ಗೆಳತಿಯರು ನನಗಿದ್ದಾರೆ. ನನಗೆ ನೋವಾಗಿದ್ದು ಆ ಕೆಲಸಕ್ಕೆ ‘ಮ್ಯಾನೇಜ್‌ಮೆಂಟ್ ಟ್ರೈನಿ’, ‘ಬಿಸಿನೆಸ್ ಅನಲಿಸ್ಟ್’ ಎಂದು ಹೆಸರಿಟ್ಟು ಕರೆದದ್ದಕ್ಕೆ. ಸಂದರ್ಶನ ಅರ್ಧ ಮುಗಿಯುವವರೆಗೆ ಅದು ಮಾರಾಟದ ಕೆಲಸ ಎಂದು ತಿಳಿಯುತ್ತಲೇ ಇರಲಿಲ್ಲ.

ಕೆಲವು ದೊಡ್ಡ ಕಂಪನಿಗಳು ನಮ್ಮಂಥ ಕಾಲೇಜಿಗೆ ಬರುವುದಿಲ್ಲ. ಹತ್ತಾರು ಕಾಲೇಜುಗಳ ವಿದ್ಯಾರ್ಥಿಗಳನ್ನು ಒಂದೇ ಕಡೆ ಸೇರಿಸಿ ಪರೀಕ್ಷೆ ಮಾಡುತ್ತವೆ. ಬೆಳಿಗ್ಗೆ ಎಂಟಕ್ಕೆ ಬರಹೇಳುತ್ತಾರೆ, ಗುಂಪು ಚರ್ಚೆ ಶುರುವಾಗುವಾಗ ಮಧ್ಯಾಹ್ನ ಎರಡು ದಾಟಿರುತ್ತದೆ. ಊಟಕ್ಕೆ ಹೊರಗೆ ಹೋದರೆ ಹೆಸರು ಕರೆದುಬಿಟ್ಟಾರು ಎಂಬ ಭಯ. ಚೀಲದಲ್ಲಿ ಬಿಸ್ಕತ್ತು, ನೀರು ಇಟ್ಟುಕೊಂಡು ಹೋಗಿ. ಬಯೋಡೇಟಾದ ಪ್ರತಿ ಹೆಚ್ಚೇ ಇರಲಿ, ಅಲ್ಲಿ ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುವ ಸಾಲು ಪರೀಕ್ಷೆಯ ಸಾಲಿಗಿಂತ ಉದ್ದವಾಗಿರುತ್ತದೆ.

ಗುಂಪು ಚರ್ಚೆಯ ಬಗ್ಗೆ ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಸ್ವಲ್ಪ ನಿಂತು ಹೇಳಬೇಕು. ಒಮ್ಮೆ ಕೊಟ್ಟ ವಿಷಯ ಸಣ್ಣ ಅಂಗಡಿಗಳು ಮತ್ತು ಯುಪಿಐ. ನನಗೆ ಹೇಳಲು ಬೇಕಾದಷ್ಟಿತ್ತು. ನಮ್ಮ ಬೀದಿಯ ಅಂಗಡಿಯವರು ಕ್ಯೂಆರ್ ಫಲಕವನ್ನು ಯಾಕೆ ಒಳಗೆ ತೆಗೆದಿಟ್ಟರು, ಸಾಲದ ಪುಸ್ತಕದಲ್ಲಿ ಯಾರ ಹೆಸರು ಉಳಿಯಿತು, ಯಾರ ಹೆಸರು ಹೋಯಿತು ಎಲ್ಲ ಕಣ್ಣಾರೆ ಕಂಡವಳು. ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಹದಿನೈದು ನಿಮಿಷದಲ್ಲಿ ಒಂದು ಸಲ ಮಾತ್ರ ಮಾತಾಡಿದೆ, ಆಯ್ಕೆಯಾಗಲಿಲ್ಲ. ಹೊರಗೆ ಬಂದಾಗ ನನ್ನ ಹಾಗೆಯೇ ಸುಮ್ಮನೆ ಕುಳಿತಿದ್ದ ರಾಯಚೂರಿನ ಹುಡುಗನೊಬ್ಬ ಅದೇ ವಿಷಯದ ಬಗ್ಗೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಅದನ್ನು ಕೇಳಬೇಕಾದವರು ಕೇಳಲಿಲ್ಲವಲ್ಲ ಎಂದು ನನಗೆ ಅಳು ಬಂತು. ಎರಡು ವರ್ಷದ ಕೋರ್ಸಿನಲ್ಲಿ ನಮ್ಮನ್ನು ಕೂರಿಸಿ ಇಂಗ್ಲಿಷಿನಲ್ಲಿ ಮಾತಾಡಿಸಲು ಕಾಲೇಜಿಗೆ ಸಮಯವಿತ್ತು. ವಾರಕ್ಕೆ ಒಂದು ಗಂಟೆ ಸಾಕಿತ್ತು.

ಕೊನೆಗೆ ಒಂದು ಕಂಪನಿ ನನ್ನನ್ನು ಆಯ್ಕೆ ಮಾಡಿತು. ವರ್ಷಕ್ಕೆ 4.2 ಲಕ್ಷ ಎಂದರು. ಮನೆಯಲ್ಲಿ ಸಿಹಿ ಹಂಚಿದರು. ರಾತ್ರಿ ಅಪ್ಪ ಪತ್ರವನ್ನು ಮುಂದಿಟ್ಟುಕೊಂಡು, ಮಂಡಿಯ ಲೆಕ್ಕ ನೋಡುವ ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಕೂಡಿ ಕಳೆದರು. 1.2 ಲಕ್ಷ ಗುರಿ ಮುಟ್ಟಿದರೆ ಮಾತ್ರ ಬರುವ ಪ್ರೋತ್ಸಾಹಧನ. ಉಳಿದ ಮೂರು ಲಕ್ಷವೆಂದರೆ ತಿಂಗಳಿಗೆ 25,000. ಅದರೊಳಗೇ ಕಂಪನಿ ಕಟ್ಟುವ ಭವಿಷ್ಯನಿಧಿ 1,500, ಗ್ರಾಚ್ಯುಟಿಯ ಲೆಕ್ಕಕ್ಕೆ 600ರಷ್ಟು. ಆಮೇಲೆ ನಮ್ಮ ಪಾಲಿನ ಭವಿಷ್ಯನಿಧಿ ಇನ್ನೊಂದು 1,500. ಕೈಗೆ ಬರುವುದು 21 ಸಾವಿರದ ಮೇಲೆ ಚೂರು. ‘ಇದರಲ್ಲಿ ರೂಮಿನ ಬಾಡಿಗೆ, ಊಟ, ಓಡಾಟ ಹೋಗಿ ಕಂತಿಗೆ ಏನು ಉಳಿಯುತ್ತದಮ್ಮ?’ ಎಂದರು. ಪತ್ರ ಕೈಗೆ ಬಂದ ದಿನವೇ ನೀವೂ ಈ ಲೆಕ್ಕ ಹಾಕಿ. ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಸಂಬಳ ಸಿಗುವುದಿಲ್ಲ. ಖಚಿತ ಮೊತ್ತ ಎಷ್ಟು, ಗುರಿಗೆ ಕಟ್ಟುಬಿದ್ದದ್ದು ಎಷ್ಟು, ಹಿಂದಿನ ವರ್ಷ ಆ ಹುದ್ದೆಯಲ್ಲಿದ್ದವರಿಗೆ ಪ್ರೋತ್ಸಾಹಧನ ನಿಜವಾಗಿ ಬಂದಿತೇ ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ.

ಆದರೂ ಒಪ್ಪಿಕೊಂಡೆವು. ಸೇರುವ ದಿನಾಂಕ ಜುಲೈ ಎಂದಿತ್ತು, ಆಗಸ್ಟ್ ಆಯಿತು, ಆಮೇಲೆ ‘ಮುಂದಿನ ಸೂಚನೆಯವರೆಗೆ’ ಎಂದಾಯಿತು. ಮಿಂಚಂಚೆಗೆ ಉತ್ತರವಿಲ್ಲ. ಅಷ್ಟರಲ್ಲಿ ಕಾಲೇಜಿನ ನಿಯಮವೊಂದು ಅಡ್ಡ ಬಂತು. ಒಬ್ಬ ವಿದ್ಯಾರ್ಥಿಗೆ ಒಂದೇ ಆಫರ್. ಒಮ್ಮೆ ಆಯ್ಕೆಯಾದವರು ಬೇರೆ ಕಂಪನಿಯ ಸಂದರ್ಶನಕ್ಕೆ ಕೂರುವಂತಿಲ್ಲ. ಉಳಿದವರಿಗೂ ಅವಕಾಶ ಸಿಗಲಿ ಎಂಬ ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಸೇರುವ ದಿನಾಂಕವೇ ಇಲ್ಲದ ಆಫರನ್ನು ಕೆಲಸವೆಂದು ಲೆಕ್ಕ ಹಿಡಿದು, ಕಾಲೇಜಿನ ಗೇಟಿನ ಬಳಿಯ ಫಲಕದಲ್ಲಿ ನನ್ನ ಭಾವಚಿತ್ರವನ್ನೂ ಹಾಕಿ, ನನ್ನನ್ನು ಹೊರಗಿಟ್ಟಿದ್ದು ಅನ್ಯಾಯ. ನನಗೆ ಹೊಂದುವಂಥ ಎರಡು ಲೆಕ್ಕಪತ್ರದ ಕೆಲಸಗಳು ಆ ತಿಂಗಳುಗಳಲ್ಲೇ ಬಂದು ಹೋದವು. ಪ್ಲೇಸ್‌ಮೆಂಟ್ ಅಧಿಕಾರಿಗೆ, ಆಮೇಲೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟೆ. ಕಂಪನಿಯ ಮುಂದೂಡಿಕೆ ಪತ್ರಗಳನ್ನೆಲ್ಲ ಲಗತ್ತಿಸಿದ್ದೆ. ಅನುಮತಿ ಸಿಗುವಷ್ಟರಲ್ಲಿ ಕಂಪನಿಗಳ ಬರವು ನಿಂತಿತ್ತು. ಕೆಲವು ವಾರಗಳ ನಂತರ ಆ ಕಂಪನಿ ಎರಡು ಸಾಲಿನ ಪತ್ರದಲ್ಲಿ ಆಫರ್ ಹಿಂಪಡೆಯಿತು.

ನಿಮ್ಮ ಕಾಲೇಜಿನಲ್ಲೂ ಇಂಥ ನಿಯಮವಿದ್ದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಸೇರುವ ದಿನಾಂಕ ಎಷ್ಟು ಕಾಲ ಮುಂದೆ ಹೋದರೆ ಆಫರ್ ರದ್ದಾದಂತೆ ಎಂಬುದು ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ತರಗತಿಯವರೆಲ್ಲ ಸಹಿ ಹಾಕಿ ಸೇರಿಸಲು ಹೇಳಿ. ಒಬ್ಬಳೇ ಹೋದರೆ ‘ನೋಡೋಣ’ ಎನ್ನುತ್ತಾರೆ.

ಆ ಪತ್ರ ಬಂದ ಮೇಲಿನ ದಿನಗಳು ಕಷ್ಟದವು. ನೆಂಟರಿಗೆಲ್ಲ ಕೆಲಸ ಸಿಕ್ಕಿದೆ ಎಂದು ಹೇಳಿಯಾಗಿತ್ತು. ಮದುವೆಮನೆಗಳಲ್ಲಿ ‘ಯಾವಾಗ ಸೇರುತ್ತೀಯಮ್ಮ?’ ಎಂದು ಕೇಳುವವರಿಗೆ ಅಮ್ಮ ನನ್ನ ಪರವಾಗಿ ಏನೇನೋ ಉತ್ತರ ಕೊಡುತ್ತಿದ್ದರು. ಅದನ್ನು ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ನಾನೇ ಅವರಿಗೆ ಹೇಳಿದೆ. ಹೇಳಿದ ಮೇಲೆ ಮನೆ ಹಗುರವಾಯಿತು.

ಆ ಹೊತ್ತಿನಲ್ಲಿ ಅಂಕಿಅಂಶಗಳನ್ನೂ ಹುಡುಕಿ ಓದಿದೆ. ಅಗ್ರ 20 ಸಂಸ್ಥೆಗಳನ್ನು ಬಿಟ್ಟರೆ ಉಳಿದ ಬಿಸಿನೆಸ್ ಸ್ಕೂಲುಗಳಿಂದ ಹೊರಬರುವವರಲ್ಲಿ ಶೇ 7ರಷ್ಟು ಮಂದಿ ಮಾತ್ರ ಉದ್ಯೋಗಾರ್ಹರು ಎಂದು ಕೈಗಾರಿಕಾ ಸಂಘಟನೆ ಅಸೋಚಾಮ್ 2016ರಲ್ಲಿ ಹೇಳಿತ್ತು. 2025ರ ಇಂಡಿಯಾ ಸ್ಕಿಲ್ಸ್ ರಿಪೋರ್ಟ್ ಪ್ರಕಾರ ಎಂಬಿಎ ಪದವೀಧರರಲ್ಲಿ ಉದ್ಯೋಗಾರ್ಹರ ಪ್ರಮಾಣ ಶೇ 78. ಇಷ್ಟು ದೂರದ ಎರಡು ಸಂಖ್ಯೆಗಳು ಒಂದೇ ವಿಷಯವನ್ನು ಅಳೆದಿರಲಾರವು. ಒಬ್ಬರು ಕಂಪನಿಗಳ ಅಸಮಾಧಾನವನ್ನು ನೋಡುತ್ತಾರೆ, ಇನ್ನೊಬ್ಬರು ಕಂಪ್ಯೂಟರ್ ಪರೀಕ್ಷೆಯ ಅಂಕವನ್ನು. ಮೊದಲನೆಯದನ್ನು ಓದಿ ಕುಗ್ಗಬೇಕಿಲ್ಲ, ಎರಡನೆಯದನ್ನು ನಂಬಿ ಸುಮ್ಮನೆ ಕೂರುವ ಹಾಗೂ ಇಲ್ಲ. ಒಂದು ನಿರ್ದಿಷ್ಟ ಕುರ್ಚಿಯಲ್ಲಿ ಕೂತರೆ ಮೊದಲ ವಾರ ನಾನು ಯಾವ ಕೆಲಸ ಮಾಡಿ ಮುಗಿಸಬಲ್ಲೆ ಎಂಬ ಪ್ರಶ್ನೆಗೆ ಅವೆರಡರಲ್ಲೂ ಉತ್ತರವಿರಲಿಲ್ಲ. ಕೆಲಸ ಕೊಡುವವರೆಲ್ಲ ಕೇಳುತ್ತಿದ್ದುದು ಆ ಒಂದೇ ಪ್ರಶ್ನೆ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು.

ಗೆಳತಿಯೊಬ್ಬಳ ಜೊತೆ ಯಶವಂತಪುರದ ಬಳಿ ಪಿಜಿ ಹಿಡಿದೆ. ಮೂವರ ಕೋಣೆಗೆ ಊಟ ಸೇರಿ ತಿಂಗಳಿಗೆ 7,500, ಮುಂಗಡ ಒಂದು ತಿಂಗಳಿನದು. ಬಿಡುವಾಗ ‘ನಿರ್ವಹಣೆ’ ಎಂದು ಎರಡು ಸಾವಿರ ಮುರಿದುಕೊಂಡರು. ಉದ್ಯೋಗ ಜಾಲತಾಣಗಳಲ್ಲಿ ಹೆಸರು ಹಾಕಿದ ಮರುದಿನದಿಂದ ಕರೆಗಳ ಸುರಿಮಳೆ. ಅವುಗಳಲ್ಲಿ ನಿಜವಾದ ಕೆಲಸದ ಕರೆಗಳನ್ನು ಬೇರೆ ಮಾಡಿಕೊಳ್ಳುವುದೇ ಒಂದು ವಿದ್ಯೆ. ಒಂದು ಕನ್ಸಲ್ಟೆನ್ಸಿಯವರು ನೋಂದಣಿಗೆ ಎಂದು 2,500 ಕೇಳಿದರು. ಇನ್ನೊಬ್ಬರು ಹೆಸರಾಂತ ಬ್ಯಾಂಕಿನ ಲಾಂಛನವಿದ್ದ ಪತ್ರ ಕಳುಹಿಸಿ, ಲ್ಯಾಪ್‌ಟಾಪ್‌ಗೆ ಭದ್ರತಾ ಠೇವಣಿ ಕಟ್ಟಿದರೆ ನಾಳೆಯೇ ಸೇರಬಹುದು ಎಂದರು. ಮಿಂಚಂಚೆಯ ವಿಳಾಸ ಮಾತ್ರ ಸಾಮಾನ್ಯ ಜಿಮೇಲ್‌ನದು. ನನ್ನ ಕೋಣೆಯ ಹುಡುಗಿ ಇಂಥದ್ದಕ್ಕೇ ಅವಳ ಅಮ್ಮನ ಬಳೆ ಅಡವಿಟ್ಟ ಹಣ ಕಳೆದುಕೊಂಡಳು. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಕರೆ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸಂದರ್ಶನಗಳಲ್ಲಿ ಹುಡುಗಿಯರಿಗೆಂದೇ ಇರುವ ಪ್ರಶ್ನೆಗಳನ್ನು ಇಲ್ಲಿ ಹೇಳದೆ ಬಿಡಲಾರೆ. ‘ಮದುವೆ ಯೋಚನೆ ಇದೆಯಾ?’, ‘ಊರಿನಿಂದ ಅಪ್ಪ ಅಮ್ಮ ಬಾ ಎಂದರೆ ಹೋಗಿಬಿಡುತ್ತೀರಾ?’ ಅದೇ ಕೋಣೆಯಿಂದ ಹೊರಬಂದ ಹುಡುಗರನ್ನು ವಿಚಾರಿಸಿದೆ, ಅವರಿಗೆ ಯಾರೂ ಇದನ್ನು ಕೇಳಿರಲಿಲ್ಲ. ‘ಈ ಹುದ್ದೆಗೆ ಬೇಕಾದ ಸಮಯಕ್ಕೆ ನಾನು ಲಭ್ಯಳಿದ್ದೇನೆ’ ಎಂಬ ಒಂದೇ ವಾಕ್ಯವನ್ನು ಎಲ್ಲ ಕಡೆ ಹೇಳಿದೆ. ಹೆಚ್ಚಿನದಕ್ಕೆ ಅವರಿಗೆ ಹಕ್ಕಿಲ್ಲ.

ದಾರಿ ತಿರುಗಿದ್ದು ಒಂದು ಸಣ್ಣ ಪರೀಕ್ಷೆಯಲ್ಲಿ. ಪೀಣ್ಯದ ಕಡೆಯ ಒಂದು ಮಧ್ಯಮ ಗಾತ್ರದ ಕಂಪನಿಯವರು ಪ್ರಶ್ನೆ ಕೇಳುವ ಬದಲು ಒಂದು ಎಕ್ಸೆಲ್ ಕಡತ ಕೊಟ್ಟರು. ಒಂದು ಹಾಳೆಯಲ್ಲಿ ಕಂಪನಿಯ ಖರೀದಿ ಪಟ್ಟಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿದ ಪಟ್ಟಿ. ನಲವತ್ತು ನಿಮಿಷದಲ್ಲಿ ಎರಡನ್ನೂ ತಾಳೆ ನೋಡಿ, ವ್ಯತ್ಯಾಸಕ್ಕೆ ಕಾರಣ ಬರೆಯಬೇಕು. ಕಾಲೇಜಿನಲ್ಲಿ ಜಿಎಸ್‌ಟಿ ಬಗ್ಗೆ ಒಂದು ಅಧ್ಯಾಯವೇ ಇತ್ತು. ಪೋರ್ಟಲ್ ಹೇಗೆ ಕಾಣುತ್ತದೆ ಎಂದು ಒಬ್ಬರೂ ತೆರೆದು ತೋರಿಸಿರಲಿಲ್ಲ. ಕೆಲಸ ಸಿಗಲಿಲ್ಲ. ಆದರೆ ಅಲ್ಲಿನ ಅಕೌಂಟ್ಸ್ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು, ‘ನಿಮ್ಮ ಊರಿನಲ್ಲಿ ಆಡಿಟರ್ ಆಫೀಸು ಇರುತ್ತದಲ್ಲ, ಅಲ್ಲಿ ನಾಲ್ಕು ತಿಂಗಳು ಕೂತು ಬನ್ನಿ. ಇದನ್ನು ಬೇರೆಲ್ಲೂ ಕಲಿಸುವುದಿಲ್ಲ’ ಎಂದರು. ಅಷ್ಟು ನೇರವಾಗಿ, ಅಷ್ಟು ಮರ್ಯಾದೆಯಿಂದ ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಪಿಜಿ ಖಾಲಿ ಮಾಡಿ ತಿಪಟೂರಿಗೆ ಮರಳಿದೆ. ಎಂಬಿಎ ಓದಿ ಊರಿನ ಆಡಿಟರ್ ಆಫೀಸಿಗೆ ಹೋಗುವುದೇ ಎಂದು ಚಿಕ್ಕಪ್ಪ ಬೇಸರಪಟ್ಟರು. ಸಂಬಳ ತಿಂಗಳಿಗೆ ಎಂಟು ಸಾವಿರ. ಮನೆಯ ಊಟ, ನಡೆದು ಹೋಗುವಷ್ಟು ದೂರ. ಬೆಂಗಳೂರಿನಲ್ಲಿ ಖರ್ಚಾಗುತ್ತಿದ್ದುದನ್ನು ಲೆಕ್ಕ ಹಾಕಿದರೆ ಅದು ಕಡಿಮೆಯೇನಲ್ಲ.

ಅಲ್ಲಿ ಮೂವತ್ತು ವರ್ಷದಿಂದ ಲೆಕ್ಕ ನೋಡುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ನನ್ನ ನಿಜವಾದ ಮೇಷ್ಟರಾದರು. ಪ್ರತಿ ತಿಂಗಳೂ ಒಂದು ಸುತ್ತು. 11ನೇ ತಾರೀಖಿನೊಳಗೆ ಮಾರಾಟದ ವಿವರ ಜಿಎಸ್‌ಟಿಆರ್-1ರಲ್ಲಿ ಹೋಗಬೇಕು. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ತಯಾರಾಗುತ್ತದೆ, ನಮಗೆ ಸರಕು ಮಾರಿದವರು ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿರುತ್ತವೆ. 20ರೊಳಗೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. 14ರಿಂದ 20ರವರೆಗಿನ ಆ ಆರು ದಿನಗಳೇ ಕೆಲಸದ ಜೀವ. ನಮ್ಮ ಪುಸ್ತಕದಲ್ಲಿರುವ ಬಿಲ್ಲು 2ಬಿಯಲ್ಲಿ ಇಲ್ಲದಿದ್ದರೆ ಆ ಖರೀದಿಗೆ ಕೊಟ್ಟ ತೆರಿಗೆಯನ್ನು ಅಂಗಡಿಯವರು ಆ ತಿಂಗಳು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ, ಕೈಯಿಂದ ಕಟ್ಟಬೇಕು.

ಮೊದಲ ತಿಂಗಳು ಒಂದು ಹಾರ್ಡ್‌ವೇರ್ ಅಂಗಡಿಯ ಪಟ್ಟಿ ಕೊಟ್ಟರು. ಸೂತ್ರ ಹಾಕಿದರೆ ಅರ್ಧಕ್ಕರ್ಧ ಬಿಲ್ಲುಗಳು ತಾಳೆಯಾಗಲೇ ಇಲ್ಲ. ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು: ‘ನೋಡಮ್ಮ, ಅವರು 25-26 ಓರೆಗೆರೆ 0417 ಎಂದು ಬರೆದಿದ್ದಾರೆ. ನಮ್ಮ ಹುಡುಗ ಬರೀ 417 ಎಂದು ಹಾಕಿದ್ದಾನೆ. ಕಂಪ್ಯೂಟರಿಗೆ ಇವೆರಡೂ ಬೇರೆ, ನಿನಗೆ ಒಂದೇ ಆಗಬೇಕು.’ ಸಂಖ್ಯೆಯನ್ನು ಬಿಟ್ಟು, ಮಾರಿದವರ ಜಿಎಸ್‌ಟಿ ನೋಂದಣಿ ಸಂಖ್ಯೆ ಮತ್ತು ತೆರಿಗೆ ಮೊತ್ತ ಎರಡನ್ನೂ ಸೇರಿಸಿ ತಾಳೆ ನೋಡಲು ಕಲಿಸಿದರು. ಆ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪಾನ್ ಸಂಖ್ಯೆ. ಎಲ್ಲೋ ಒಂದು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಇರುತ್ತದೆ. ತಿಂಗಳ ಕೊನೆಯ ದಿನದ ಬಿಲ್ಲು ಮುಂದಿನ ತಿಂಗಳ ಪಟ್ಟಿಯಲ್ಲಿ ಸಿಗುತ್ತದೆ. ಉಳಿದವುಗಳಿಗೆ ಫೋನ್ ಹಿಡಿದು, ‘ಅಣ್ಣ, ನಿಮ್ಮ ಬಿಲ್ಲು ಪೋರ್ಟಲ್‌ನಲ್ಲಿ ಬಂದಿಲ್ಲ’ ಎಂದು ಕೇಳಬೇಕು. ಗಟ್ಟಿ ದನಿಯ ವ್ಯಾಪಾರಿಗಳ ಜೊತೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದನ್ನು ನಾನು ಕಲಿತದ್ದು ಆ ಫೋನಿನಲ್ಲಿ. ಸಂವಹನ ಕೌಶಲವೆಂದು ಕಾಲೇಜಿನಲ್ಲಿ ಓದಿಸಿದ ಪತ್ರಿಕೆಗಿಂತ ಅದು ನನಗೆ ಹೆಚ್ಚು ಕಲಿಸಿತು.

ಸಂಜೆ ಹೊತ್ತು ಷೇರುಪೇಟೆ ನಿಯಂತ್ರಕ ಸೆಬಿಯ ಸಂಸ್ಥೆಯಾದ ಎನ್‌ಐಎಸ್‌ಎಂನ ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆಗೂ ಓದಿದೆ. ಶುಲ್ಕ 1,500, ನೂರು ಪ್ರಶ್ನೆ, ಎರಡು ಗಂಟೆ, ತೇರ್ಗಡೆಗೆ 50 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯಸ್ಸು. ಫಂಡ್ ವಿತರಣೆಯ ಕಡೆ ಹೋಗುವವರಿಗೆ ಇದು ಬೇಕೇ ಬೇಕು. ನನಗೆ ಸಿಕ್ಕ ಕೆಲಸಕ್ಕೆ ಇದರಿಂದ ನೇರ ಉಪಯೋಗವಾಗಲಿಲ್ಲ. ಹತ್ತಾರು ಸಾವಿರ ಕೇಳುವ ‘ಉದ್ಯೋಗ ಖಾತ್ರಿ’ ಕೋರ್ಸುಗಳಿಗೆ ಹೋಲಿಸಿದರೆ ಈ ಪರೀಕ್ಷೆಗಳು ಅಗ್ಗ, ನಂಬಿಕಸ್ಥ. ಯಾವ ಹುದ್ದೆಗೆ ಯಾವುದು ಬೇಕೆಂದು ಮೊದಲು ವಿಚಾರಿಸಿ ಆಮೇಲೆ ದುಡ್ಡು ಕಟ್ಟಿ.

ಇಷ್ಟರಲ್ಲಿ ಬಯೋಡೇಟಾ ಹೊಸದಾಗಿ ಬರೆದೆ. ‘ಶ್ರಮಜೀವಿ, ತಂಡದ ಮನೋಭಾವ’ ಎಂಬಂಥ ಸಾಲುಗಳನ್ನು ತೆಗೆದುಹಾಕಿದೆ. ಎಂಥ ವ್ಯಾಪಾರಗಳ ಲೆಕ್ಕ ನೋಡಿದೆ, ತಿಂಗಳಿಗೆ ಸುಮಾರು ಎಷ್ಟು ಬಿಲ್ಲು, ವ್ಯತ್ಯಾಸಗಳು ಯಾವ ಬಗೆಯವು, ಅವನ್ನು ಹೇಗೆ ಸರಿಪಡಿಸಿದೆ ಎಂದು ಬರೆದೆ. ವ್ಯಾಪಾರಿಗಳ ಹೆಸರು ಹಾಕಲಿಲ್ಲ, ಯಾರೂ ಹಾಕಬಾರದು. ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹತ್ತು ವಾಕ್ಯವಾಗಿ ಬರೆದುಕೊಂಡು, ತಂಗಿಯನ್ನು ಎದುರಿಗೆ ಕೂರಿಸಿಕೊಂಡು ದಿನಾ ಹೇಳಿದೆ. ಕೈಯಾರೆ ಮಾಡಿದ ಕೆಲಸದ ಬಗ್ಗೆ ಮಾತಾಡುವಾಗ ಇಂಗ್ಲಿಷ್ ಅಷ್ಟು ಹೆದರಿಸುವುದಿಲ್ಲ.

ಕರೆ ಬಂದದ್ದು ಬೆಂಗಳೂರಿನ ಒಂದು ಕಂಪನಿಯಿಂದ. ವಿದೇಶಿ ಸಂಸ್ಥೆಯೊಂದರ ಪಾವತಿ ಲೆಕ್ಕಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಫೋನಿನಲ್ಲಿ ಇಂಗ್ಲಿಷ್ ಪರೀಕ್ಷೆ, ಆಮೇಲೆ ಇಬ್ಬರು ಅಧಿಕಾರಿಗಳ ಎದುರು ಸಂದರ್ಶನ. ‘ಬಿಲ್ಲು ಬಂದಿದೆ, ಖರೀದಿ ಆದೇಶದಲ್ಲಿ ನೂರು ಚೀಲ, ಗೋದಾಮಿನ ರಸೀದಿಯಲ್ಲಿ ತೊಂಬತ್ತಾರು. ಏನು ಮಾಡುತ್ತೀರಿ?’ ಎಂದು ಕೇಳಿದರು. ಆದೇಶ, ಸರಕು ಬಂದ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡುವ ಪದ್ಧತಿ ಪುಸ್ತಕದಲ್ಲಿ ಓದಿದ್ದೆ. ನಾನು ಹೇಳಿದ್ದು ತಿಪಟೂರಿನ ಅಂಗಡಿಯ ಕಥೆಯನ್ನು. ಸಿಮೆಂಟ್ ಚೀಲ ಒಡೆದು ಬಂದಾಗ ಅಂಗಡಿಯವರು ಬಿಲ್ಲು ತಡೆದಿಟ್ಟದ್ದು, ಮಾರಿದವರಿಂದ ಅಷ್ಟು ಮೊತ್ತ ಕಡಿಮೆ ಮಾಡಿದ ಕ್ರೆಡಿಟ್ ನೋಟ್ ತರಿಸಿಕೊಂಡದ್ದು, ಅದು ಮುಂದಿನ ತಿಂಗಳ 2ಬಿಯಲ್ಲಿ ಕಂಡದ್ದು. ಅವರು ಮಧ್ಯೆ ತಡೆದು ಇನ್ನಷ್ಟು ಕೇಳಿದರು, ನಾನು ಇನ್ನಷ್ಟು ಹೇಳಿದೆ. ಮಾತಿನಲ್ಲಿ ವ್ಯಾಕರಣ ತಪ್ಪಿದ್ದು ನನಗೇ ಗೊತ್ತಾಗುತ್ತಿತ್ತು, ಅವರು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಎಂಬಿಎಯ ಅಂಕ ಎಷ್ಟು ಎಂದು ಕೊನೆಯಲ್ಲಿ ಒಮ್ಮೆ ಕೇಳಿದರು.

ಆಯ್ಕೆ ಪತ್ರ ಬಂದ ಮೇಲೂ ಮುಗಿಯಲಿಲ್ಲ, ದಾಖಲೆಗಳ ಪರಿಶೀಲನೆ ಎಂಬ ಘಟ್ಟವಿದೆ. ಇದನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿರುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ., ಎಂಬಿಎಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಪಾನ್, ಆಧಾರ್, ವಿಳಾಸದ ಪುರಾವೆ, ಆಡಿಟರ್ ಆಫೀಸಿನ ಅನುಭವ ಪತ್ರ, ಓದು ಮುಗಿದ ಮೇಲಿನ ಖಾಲಿ ಅವಧಿಗೆ ವಿವರಣೆ. ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಜನ ಪಿಡಿಸಿ ಎನ್ನುತ್ತಾರೆ. ನನ್ನ ಬಳಿ ಅದು ಇರಲಿಲ್ಲ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿ ಶುಲ್ಕ ಕಟ್ಟಿದ್ದರೂ, ಕಾಲೇಜಿನ ಕಚೇರಿಯಿಂದ ಕಡತ ಮುಂದೆ ಹೋಗಿರಲಿಲ್ಲ. ಅದಕ್ಕಾಗಿ ತಿಪಟೂರಿನಿಂದ ಬೆಳಗಿನ ರೈಲಿನಲ್ಲಿ ಹೋಗಿ ಕಚೇರಿಯ ಬೆಂಚಿನ ಮೇಲೆ ದಿನಗಟ್ಟಲೆ ಕೂತೆ. ಕಂಪನಿಯ ಎಚ್‌ಆರ್‌ಗೆ ವಿಷಯ ತಿಳಿಸಿ, ಅರ್ಜಿಯ ಸ್ವೀಕೃತಿ ಮತ್ತು ಶುಲ್ಕದ ರಸೀದಿ ಕಳುಹಿಸಿದ ಮೇಲೆ ಅವರು ಹೆಚ್ಚುವರಿ ಸಮಯ ಕೊಟ್ಟರು. ಕೇಳಿದರೆ ಕೊಡುತ್ತಾರೆ, ಮುಚ್ಚಿಟ್ಟರೆ ಅನುಮಾನಪಡುತ್ತಾರೆ. ನಿಮ್ಮ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಬಂದಿವೆಯೇ ಎಂದು ಈಗಲೇ ನೋಡಿ, ಬಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ತೊಡಕು ನಮ್ಮ ಕಡೆಯವರಿಗೆಲ್ಲ ಬರುವಂಥದ್ದು, ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಅಕ್ಷರ. ಆಧಾರ್‌ನಲ್ಲಿ ಒಂದೇ ಅಕ್ಷರ, ಅದೂ ಹೆಸರಿನ ಹಿಂದೆ. ಪಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ಮೂರೂ ಒಬ್ಬಳದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಇ-ಸ್ಟಾಂಪ್, ಟೈಪಿಂಗ್, ನೋಟರಿ ಎಲ್ಲ ಸೇರಿ ಐನೂರು ರೂಪಾಯಿ ಆಯಿತು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಯೋಚಿಸಿ ಒಮ್ಮೆಲೇ ಸರಿಪಡಿಸಿ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಹುಟ್ಟುವುದು ಆಧಾರ್‌ನಲ್ಲಿರುವ ಹೆಸರಿನಲ್ಲಿ. ಅಲ್ಲಿ ಹೊಂದದಿದ್ದರೆ ಮುಂದೆ ಹಣ ತೆಗೆಯುವಾಗ ಕಾಡುತ್ತದೆ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತೆಗೆದುಕೊಳ್ಳಿ, ಯಾವ ಕಂಪನಿಯವರು ಕೇಳಿದರೂ ಒಪ್ಪಂದದ ಹೆಸರಿನಲ್ಲಿ ಅವರ ಕೈಗೆ ಬಿಟ್ಟು ಬರಬೇಡಿ.

ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ವರ್ಷಕ್ಕೆ 3.6 ಲಕ್ಷ, ಎಲ್ಲವೂ ಖಚಿತ ಮೊತ್ತ. ಎರಡೂ ಕಡೆಯ ಭವಿಷ್ಯನಿಧಿ 1,800ರಂತೆ, ಗ್ರಾಚ್ಯುಟಿ, ವೃತ್ತಿ ತೆರಿಗೆ 200 ಎಲ್ಲ ಕಳೆದು ಕೈಗೆ 25 ಸಾವಿರದಷ್ಟು ಬರುತ್ತದೆ. ಹಿಂದಿನ ಆಫರ್ ಕಾಗದದ ಮೇಲೆ ಇದಕ್ಕಿಂತ ದೊಡ್ಡದಿತ್ತು, ಕೈಗೆ ಬರುವುದು ಇದರಲ್ಲೇ ಹೆಚ್ಚು. ಸಾಲದ ಕಂತು ತಿಂಗಳಿಗೆ 6,800ರ ಆಸುಪಾಸು. ಕಂತು ಶುರುವಾಗುವ ಮೊದಲೇ ಅಪ್ಪನ ಜೊತೆ ಶಾಖೆಗೆ ಹೋಗಿ, ಅವಧಿಯನ್ನು ಹತ್ತು ವರ್ಷಕ್ಕೆ ಇಡಿಸಿಕೊಂಡು, ಕೈಯಲ್ಲಿ ಹೆಚ್ಚು ಬಂದಾಗ ಮುಂಗಡ ಕಟ್ಟುವುದಾಗಿ ಮಾತಾಡಿ ಬಂದೆವು. ಕೆಲಸ ಸಿಗದೆ ಆ ವರ್ಷ ಮುಗಿಯುತ್ತಿರುವವರು ಕಂತು ತಪ್ಪುವವರೆಗೆ ಕಾಯದೆ ಮ್ಯಾನೇಜರ್‌ಗೆ ಲಿಖಿತವಾಗಿ ತಿಳಿಸಿ. ತಪ್ಪಿದ ಕಂತು ಸಹಿ ಹಾಕಿದ ಅಪ್ಪನ ಸಿಬಿಲ್ ಅಂಕವನ್ನೂ ಕೆಡಿಸುತ್ತದೆ.

ಕಳೆದ ವಾರ ಕಾಲೇಜಿನ ಉಪನ್ಯಾಸಕರೊಬ್ಬರು ಕಿರಿಯರ ಜೊತೆ ಮಾತಾಡಲು ಬಾ ಎಂದು ಕರೆದಿದ್ದಾರೆ. ಹೋಗುತ್ತೇನೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಆಯ್ಕೆಯಾದವರ ಹೆಸರಿನ ಜೊತೆ ಸೇರಿದ ದಿನಾಂಕ, ಕೈಗೆ ಬರುವ ಸಂಬಳ, ಆರು ತಿಂಗಳ ನಂತರ ಅಲ್ಲೇ ಇದ್ದಾರೆಯೇ ಎಂಬ ಮೂರು ಕಾಲಂ ಸೇರಿಸಿ ಎಂದು ಅವರ ಮುಂದೆಯೇ ಕೇಳುತ್ತೇನೆ. ಎರಡನೆಯ ಸೆಮಿಸ್ಟರ್‌ನ ರಜೆಯಲ್ಲಿ ಪ್ರತಿಯೊಬ್ಬರನ್ನೂ ಒಂದು ಆಡಿಟರ್ ಆಫೀಸಿಗೋ ಗೋದಾಮಿಗೋ ಅಂಗಡಿಗೋ ಕಳುಹಿಸಿ ಎಂದೂ ಕೇಳುತ್ತೇನೆ. ಗ್ರಂಥಾಲಯದಲ್ಲಿ ಹಳೆಯ ಪ್ರಾಜೆಕ್ಟ್ ವರದಿಗಳನ್ನು ನೋಡಿ ಬರೆಯುವ ಹೊಸ ಪ್ರಾಜೆಕ್ಟ್ ವರದಿಯಿಂದ ಯಾರಿಗೂ ಕೆಲಸ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಈ ವರ್ಷ ಸೀಟು ಆರಿಸಿಕೊಳ್ಳುವವರು ಶುಲ್ಕ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಮಾಹಿತಿ ಸಲ್ಲಿಸುವ ಕಾಲೇಜುಗಳು ಆ ಕಡತವನ್ನು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ. ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಮ ಮೊತ್ತ (ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ) ಎಷ್ಟು ಎಂಬುದು ಅದರಲ್ಲಿ ವರ್ಷವಾರು ಇರುತ್ತದೆ. ಗೇಟಿನ ಫಲಕದಲ್ಲಿ ಬರೆದ ಅತಿ ಹೆಚ್ಚಿನ ಸಂಬಳ ಒಬ್ಬರದು, ಮಧ್ಯಮ ಮೊತ್ತ ನಿಮ್ಮಂಥವರದು. ಆ ಕಡತ ಸಿಗದಿದ್ದರೆ, ಹಿಂದಿನ ವರ್ಷ ಅಲ್ಲಿ ಮುಗಿಸಿದ ಮೂರು ನಾಲ್ಕು ಮಂದಿಯನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಈಗ ಏನು ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿ. ನಾನು ಕಂಡಂತೆ ಹೆಚ್ಚಿನವರು ಉತ್ತರಿಸುತ್ತಾರೆ.